ಸಮ ಚಿಹ್ನೆಯ ಎರಡು ಬದಿ

ಎಕ್ಸ್ ಕಂಡರೆ ಮಕ್ಕಳು ಹೆದರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಅವರನ್ನು ಎಡವಿಸುವುದು ಅದರ ಪಕ್ಕದಲ್ಲಿರುವ ಸಮ ಚಿಹ್ನೆ. ಪ್ರೌಢಶಾಲೆಯಿಂದ ನಿವೃತ್ತನಾದ ಮೇಲೆ ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ರಜಾ ದಿನಗಳಂದು ಐದರಿಂದ ಎಂಟನೆಯ ತರಗತಿವರೆಗಿನ ಮಕ್ಕಳನ್ನು ಕೂರಿಸಿಕೊಂಡು ಗಣಿತ ಹೇಳುತ್ತಿದ್ದೇನೆ. ಹೊಸದಾಗಿ ಬಂದವರಿಗೆಲ್ಲ ಮೊದಲು ಕೊಡುವುದು ಒಂದೇ ಲೆಕ್ಕ: 8 + 4 = □ + 5. ಚೌಕದೊಳಗೆ ಏನು ಬರಬೇಕು?

ಹೆಚ್ಚಿನವರು 12 ಎಂದು ಬರೆಯುತ್ತಾರೆ. ಕೆಲವರು ಕಂಡದ್ದನ್ನೆಲ್ಲ ಕೂಡಿಸಿ 17 ಎನ್ನುತ್ತಾರೆ. ಇದು ನಮ್ಮೂರ ಮಕ್ಕಳ ದಡ್ಡತನ ಎಂದು ಯಾರೂ ತಿಳಿಯಬಾರದು. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರನೆಯ ತರಗತಿಯ 145 ಮಕ್ಕಳಿಗೆ ಇದೇ ಲೆಕ್ಕ ಕೊಟ್ಟಾಗ ಅಷ್ಟೂ ಮಂದಿ 12 ಇಲ್ಲವೇ 17 ಎಂದಿದ್ದರು. 7 ಎಂದವರು ಒಬ್ಬರೂ ಇಲ್ಲ. ಒಂದನೆಯ ತರಗತಿಯಿಂದ ಮಗು ನೋಡುವುದೇ 3 + 2 = ಎಂಬ ಸಾಲು, ಅದರಾಚೆ ಖಾಲಿ ಜಾಗ. ಅಲ್ಲಿ ಉತ್ತರ ಬರೆದರೆ ಮುಗಿಯಿತು. 'ಅಲ್ಲಿ ಉತ್ರ ತಾನೆ ಸಾ ಬರ್ಯೋದು?' ಎಂದು ಆರನೆಯ ತರಗತಿಯ ಹುಡುಗನೊಬ್ಬ ನನ್ನನ್ನೇ ಕೇಳಿದ. ಎರಡು ಬದಿಯೂ ಒಂದೇ ತೂಕ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಚಿತ್ರದ ಕೆಲಸ ಇರುವುದು ಇಲ್ಲಿ.

ಎಂಥ ಚಿತ್ರ ಎಂಬುದು ಮುಖ್ಯ. ಲೆಕ್ಕದಲ್ಲಿ ಮೇಕೆ ಬಂದರೆ ಮಕ್ಕಳು ಮೇಕೆಯನ್ನೇ ಬರೆಯುತ್ತಾರೆ. ಕೊಂಬು, ಗಡ್ಡ, ಕೊರಳಿನ ಗಂಟೆ ಎಲ್ಲ ಬರುತ್ತದೆ. ಚೆನ್ನಾಗಿ ಬರೆಯುವ ಮಗುವಿಗೆ ಲೆಕ್ಕವೇ ಮರೆತುಹೋಗುತ್ತದೆ. ಅದನ್ನು ನಾನು ತಡೆಯುವುದಿಲ್ಲ, ಮೊದಮೊದಲು ಆ ಖುಷಿ ಬೇಕು. ಆದರೆ ನಾಲ್ಕನೆಯ ಮೇಕೆಯ ಹೊತ್ತಿಗೆ ಕೈ ನೋಯುತ್ತದೆ, ಮಗು ತಾನಾಗಿಯೇ ಬರಿ ಗೆರೆ ಎಳೆಯುತ್ತದೆ. ಅಲ್ಲಿಂದ ಪಟ್ಟಿಗೆ ಬರುವುದು ಸುಲಭ. ಪಟ್ಟಿ ಅಂದರೆ ಉದ್ದನೆಯ ಒಂದು ಆಯತ, ಉದ್ದವೇ ಸಂಖ್ಯೆ. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಇದೇ ಪಟ್ಟಿಗಳ ಮೇಲೆ ಪ್ರಾಥಮಿಕ ಗಣಿತ ಕಟ್ಟಿದ್ದಾರೆ. ನಮಗೆ ಅದಕ್ಕೆ ಬೇಕಾದದ್ದು ಸುಣ್ಣದ ಕಡ್ಡಿ ಮತ್ತು ಜಗಲಿಯ ನೆಲ.

ಇಲ್ಲಿ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕದ ಮನೆ ಕಡಿಮೆ. ಎಷ್ಟೋ ಸಲ ಕ್ಯಾನು ಹಿಡಿದು ಹೋಗುವವರು ಈ ಮಕ್ಕಳೇ. ಆದ್ದರಿಂದ ಲೆಕ್ಕ ಹೀಗೆ: ಒಂದು ದಿನಕ್ಕೆ ಒಟ್ಟು 11 ಲೀಟರ್ ಹಾಲು. ಸಂಜೆಗಿಂತ ಬೆಳಿಗ್ಗೆ 3 ಲೀಟರ್ ಜಾಸ್ತಿ. ಸಂಜೆ ಎಷ್ಟು? ಬಾಯಲ್ಲಿ ಕೇಳಿದರೆ '11ರಲ್ಲಿ 3 ಹೋದ್ರೆ 8, ಸಂಜೆ 8' ಎನ್ನುತ್ತಾರೆ. ಪಟ್ಟಿ ಎಳೆಯಲು ಹೇಳಿದಾಗ ನಡೆಯುವುದೇ ಬೇರೆ. ಸಂಜೆಗೆ ಒಂದು ಪಟ್ಟಿ. ಅದರ ಮೇಲೆ ಬೆಳಗಿನ ಪಟ್ಟಿ, ಅಷ್ಟೇ ಉದ್ದ, ಜೊತೆಗೆ 3ರ ತುಂಡು. ಎರಡೂ ಸೇರಿ 11. ಹುಡುಗಿಯೊಬ್ಬಳು ಆ 3ರ ತುಂಡನ್ನು ಅಂಗೈಯಿಂದ ಮುಚ್ಚಿ, 'ಇದ್ನ ತೆಗುದ್ರೆ ಎರ್ಡೂ ಒಂದೇ ಸಾ, 8ರಲ್ಲಿ ಅರ್ಧ' ಎಂದಳು. ಸಂಜೆ 4, ಬೆಳಿಗ್ಗೆ 7. ಎಕ್ಸ್ + ಎಕ್ಸ್ + 3 = 11 ಎಂದು ಆ ಚಿತ್ರದ ಪಕ್ಕದಲ್ಲೇ ಬರೆದೆ. 'ಎರಡೂ ಬದಿಯಿಂದ 3 ಕಳೆಯಿರಿ' ಎಂಬ ಸಾಲು ಅವಳಿಗೆ ಆಮೇಲೆ ಹೊಸದಾಗಿರಲಿಲ್ಲ. ಅವಳ ಅಂಗೈ ಮಾಡಿದ ಕೆಲಸಕ್ಕೆ ಅದು ಹೆಸರಷ್ಟೇ.

ಚಿತ್ರವನ್ನು ನಾನೇ ಬರೆದು ತೋರಿಸಿದ್ದರೆ ಆ ಅಂಗೈ ಮುಂದೆ ಬರುತ್ತಿರಲಿಲ್ಲ ಎಂದು ನಂಬಿದ್ದೇನೆ. ಪುಸ್ತಕದಲ್ಲಿ ಅಚ್ಚಾದ ತಕ್ಕಡಿಯನ್ನು ಮಕ್ಕಳು ನೋಡಿ ಪುಟ ತಿರುವುತ್ತಾರೆ. ತಾವೇ ಎಳೆದ ಪಟ್ಟಿಯ ಜೊತೆ ಜಗಳಕ್ಕೆ ಬೀಳುತ್ತಾರೆ: 'ನಿನ್ ಪಟ್ಟಿ ಗಿಡ್ಡ ಆಯ್ತು ಕಣೋ, 7 ಅಂದ್ರೆ ಇಷ್ಟುದ್ದ ಬೇಕು.' ಆ ಜಗಳದಲ್ಲಿ ಗಣಿತ ಇದೆ.

ಊರಿನ ಪಂಚಲಿಂಗೇಶ್ವರ ಗುಡಿಯೂ ಪಾಠಕ್ಕೆ ಒದಗಿತು. 1238ರ ಸುಮಾರಿಗೆ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಕಟ್ಟಿದ್ದು. ಐದು ಗರ್ಭಗುಡಿ ಉತ್ತರ ದಕ್ಷಿಣವಾಗಿ ಒಂದೇ ಸಾಲಿನಲ್ಲಿ ನಿಂತು ಎಲ್ಲವೂ ಪೂರ್ವಕ್ಕೆ ಮುಖ ಮಾಡಿವೆ. ಮುಂದೆ ಮಂಟಪಗಳಲ್ಲಿ ಎರಡು ನಂದಿ. ದಿನಾ ನೋಡುವ ಮಕ್ಕಳಿಗೆ ಅದು ಐದು ಮನೆಯ ಪಟ್ಟಿಯೇ. ಐದು ಲಿಂಗಕ್ಕೂ ಸಮನಾಗಿ ತೆಂಗಿನಕಾಯಿ, ನಂದಿಗೆ ಒಂದೊಂದು, ಒಟ್ಟು 17 ಕಾಯಿ. ಒಂದು ಲಿಂಗಕ್ಕೆ ಎಷ್ಟು? ಐದು ಚೌಕ, ಎರಡು ಚುಕ್ಕಿ, ಕೆಳಗೆ 17ರ ಉದ್ದನೆಯ ಪಟ್ಟಿ. ಚುಕ್ಕಿ ಎರಡೂ ಬದಿಯಿಂದ ಹೋದವು, 15 ಉಳಿಯಿತು, ಚೌಕಕ್ಕೆ 3.

ಇಲ್ಲೇ ಒಬ್ಬ ಹುಡುಗ ಐದು ಚೌಕಕ್ಕೂ ಐದು ಬಣ್ಣ ತುಂಬಿದ. ನೋಡಲು ಚೆಂದ, ಲೆಕ್ಕಕ್ಕೆ ತೊಡಕು. ಅವನಿಂದಾಗಿ ನಮ್ಮಲ್ಲಿ ಒಂದು ನಿಯಮ ಬಂತು: ಒಂದೇ ಬಣ್ಣವೆಂದರೆ ಒಂದೇ ಸಂಖ್ಯೆ, ಗೊತ್ತಿಲ್ಲದ ಇನ್ನೊಂದು ಸಂಖ್ಯೆಗೆ ಮಾತ್ರ ಇನ್ನೊಂದು ಬಣ್ಣ. ನಮ್ಮ ಹಿಂದಿನ ಗಣಿತಜ್ಞರು ಮಾಡಿದ್ದೂ ಇದನ್ನೇ. ಭಾಸ್ಕರಾಚಾರ್ಯ ಬೀಜಗಣಿತದಲ್ಲಿ ಮೊದಲ ಅವ್ಯಕ್ತವನ್ನು ಯಾವತ್ತಾವತ್ ಎಂದು ಕರೆದು, ಮುಂದಿನವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣದ ಹೆಸರು ಕೊಡುತ್ತಾನೆ: ಕಪ್ಪು, ನೀಲಿ, ಹಳದಿ. ಇದನ್ನು ಹೇಳಿದ ದಿನ ಮಕ್ಕಳ ಮುಖ ಅರಳಿದ್ದು ನೋಡಬೇಕಿತ್ತು. ತಾವು ಬಳಪದಲ್ಲಿ ಮಾಡಿದ್ದನ್ನು ಅಷ್ಟು ದೊಡ್ಡವರು ಮಾಡಿದ್ದರು! ಕನ್ನಡ ನಾಡಿನವರದೇ ಉದಾಹರಣೆ ಬೇಕೆಂದರೆ, ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹವಿದೆ. ಹರಿದ ಮುತ್ತಿನ ಹಾರ, ಆನೆಗಳ ಹಿಂಡು, ಹೂವಿಗೆ ಹಾರುವ ದುಂಬಿಗಳು: ಅಲ್ಲಿನ ಎಷ್ಟೋ ಲೆಕ್ಕಗಳಲ್ಲಿ ಚಿತ್ರ ಆಗಲೇ ಸಿದ್ಧವಾಗಿದೆ. ಎರಡು ಸಮಾಂತರ ಗೆರೆಗಳ ಸಮ ಚಿಹ್ನೆ ಬಂದದ್ದು ಬಹಳ ತಡವಾಗಿ, 1557ರಲ್ಲಿ. ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಅದನ್ನು ಮೊದಲು ಬಳಸಿದ. ಒಂದೇ ಉದ್ದದ ಎರಡು ಗೆರೆಗಳಿಗಿಂತ ಹೆಚ್ಚು ಸಮನಾದದ್ದು ಬೇರೇನಿದೆ ಎಂಬುದು ಅವನ ಕಾರಣ. ನೆಲದ ಮೇಲೆ ನಮ್ಮ ಮಕ್ಕಳು ಎಳೆಯುವ ಜೋಡಿ ಪಟ್ಟಿ ನೋಡಿದರೆ ಅವನಿಗೆ ಸಂತೋಷವಾಗುತ್ತಿತ್ತು.

ಪೋಷಕರಿಗೆ ಒಂದು ಅನುಮಾನ: ಪರೀಕ್ಷೆಯಲ್ಲಿ ಚಿತ್ರ ಬರೆಯುತ್ತ ಕೂತರೆ ಹೊತ್ತೆಲ್ಲಿ? ನ್ಯಾಯವಾದ ಪ್ರಶ್ನೆ. ಚಿತ್ರವನ್ನು ಕಡ್ಡಾಯ ಮಾಡುವುದು, ಅದಕ್ಕೆ ಅಂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಬೇಡವಾದಾಗ ಮಗು ತಾನೇ ಬಿಡುತ್ತದೆ. ಪಟ್ಟಿ ಮೊದಲು ಗಿಡ್ಡದಾಗುತ್ತದೆ, ಆಮೇಲೆ ಪುಟದ ಅಂಚಿಗೆ ಹೋಗುತ್ತದೆ, ಕೊನೆಗೆ ಕಠಿಣ ಲೆಕ್ಕಕ್ಕೆ ಮಾತ್ರ ಬರುತ್ತದೆ.

ಪಟ್ಟಿ ಎಲ್ಲ ಕಡೆಯೂ ನಡೆಯುವುದಿಲ್ಲ. ಏಳನೆಯ ತರಗತಿಯವರಿಗೆ 2 ಎಕ್ಸ್ + 7 = 3 ಕೊಟ್ಟೆ. ಎಳೆಯಲು ಹೊರಟವರೆಲ್ಲ ನಿಂತರು. 'ಆಗಲ್ಲ ಸಾ, 7ರ ಪಟ್ಟಿನೇ 3ಕ್ಕಿಂತ ಉದ್ದ ಆಯ್ತದೆ.' ಆ ಮಾತು ಬರಲಿ ಎಂದೇ ಕಾದಿದ್ದೆ. ಉದ್ದಕ್ಕೆ ಸೊನ್ನೆಗಿಂತ ಕೆಳಗೆ ಹೋಗಲು ಬರುವುದಿಲ್ಲ, ಸಂಖ್ಯೆಗೆ ಬರುತ್ತದೆ. ಪಟ್ಟಿ ಅಳಿಸಿ ಸಂಖ್ಯಾರೇಖೆ ಎಳೆದೆವು, ಸೊನ್ನೆ ನಡುವೆ. 3ರ ಮೇಲೆ ನಿಂತ ಹುಡುಗಿ ಏಳು ಹೆಜ್ಜೆ ಹಿಂದಕ್ಕೆ ಇಟ್ಟು, ಸೊನ್ನೆ ದಾಟಿ, ಋಣ 4ಕ್ಕೆ ಬಂದಳು. ಅದು ಎರಡು ಎಕ್ಸ್. ಒಂದು ಎಕ್ಸ್ ಎಲ್ಲಿ ಎಂದು ಕೇಳುವ ಮೊದಲೇ ಇಬ್ಬರು ಓಡಿಹೋಗಿ ಋಣ 2ರ ಮೇಲೆ ನಿಂತಿದ್ದರು.