ಅಡುಗೆ ಅನಿಲಕ್ಕೂ ಗಾಳಿಯ ದಾರಿ ಬೇಕು

ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳಲ್ಲಿ ಅಡುಗೆಕೋಣೆಗೊಂದು ಬೆಳಕಿಂಡಿ ಇರುತ್ತಿತ್ತು. ಹೊಗೆ ಮೇಲೇರುವಂಥದು, ಹಿರಿಯರು ಅದಕ್ಕೆ ಮೇಲೆಯೇ ದಾರಿ ಬಿಟ್ಟಿದ್ದರು. ಸೌದೆಯ ಜಾಗಕ್ಕೆ ಸಿಲಿಂಡರ್ ಬಂದ ಮೇಲೆ ಕಣ್ಣುರಿ, ಕೆಮ್ಮು ಕಡಿಮೆಯಾದುದು ನಿಜ. ಆದರೆ ಹೊಗೆಯೇ ಇಲ್ಲದಿರುವಾಗ ಕಿಟಕಿ ಏಕೆ ತೆರೆಯಬೇಕು ಎಂಬ ಭಾವನೆಯೂ ಅದರೊಡನೆ ಬಂದಿದೆ.

ಒಂದು ಚಳಿಗಾಲದಲ್ಲಿ ತಾಯಿಯೊಬ್ಬರು ತಲೆನೋವೆಂದು ನಮ್ಮಲ್ಲಿಗೆ ಬಂದರು. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಆರಂಭವಾಗುವ ನೋವು ಹೊಲಕ್ಕೆ ಹೋದೊಡನೆ ತಾನಾಗಿಯೇ ಇಳಿಯುತ್ತಿತ್ತು. ಪಿತ್ತದಿಂದಾದ ಶಿರಃಶೂಲವೆಂದು ಬಗೆದು ನಾವು ಎರಡು ವಾರ ಔಷಧಿ ಕೊಟ್ಟೆವು; ಗುಣವಾಗಲಿಲ್ಲ. ಅಡುಗೆ ಮಾಡುವಾಗ ಕಿಟಕಿ ತೆರೆದಿರುತ್ತದೆಯೇ ಎಂದು ಮೊದಲ ದಿನವೇ ಕೇಳಬೇಕಾದುದನ್ನು ತಡವಾಗಿ ಕೇಳಿದೆವು. ಥಂಡಿಗೆಂದು ಕಿಟಕಿ ಮುಚ್ಚಿರುತ್ತಿತ್ತು. ಒಲೆಯ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತಿತ್ತು. ಬರ್ನರ್ ಶುಚಿಗೊಳಿಸಿ, ಕಿಟಕಿ ತೆರೆದ ಮೇಲೆ ನೋವು ಮರಳಲಿಲ್ಲ.

ಅನಿಲವು ಪೂರ್ಣವಾಗಿ ಉರಿದಾಗ ಜ್ವಾಲೆ ನೀಲಿಯಾಗಿರುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಕು, ಕೊನೆಗೆ ಮೂರ್ಛೆ. ಒಲೆ ಉರಿಯುತ್ತಿರುವಾಗ ಮನೆಮಂದಿಗೆಲ್ಲ ಒಟ್ಟಿಗೇ ತಲೆನೋವು ಬಂದರೆ ಕಷಾಯ ಕಾಯಿಸುತ್ತ ಕೂರದೆ ಹೊರಬಂದು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಮ್ಲಜನಕವೇ ಚಿಕಿತ್ಸೆ. ಕಿಟಕಿಯಿಲ್ಲದ ಸ್ನಾನದ ಕೋಣೆಯೊಳಗಿನ ಗ್ಯಾಸ್ ಗೀಸರ್ ಇನ್ನೂ ಘೋರವಾದುದು.

ಸೋರಿದ ಅನಿಲದ ಸ್ವಭಾವ ಬೇರೆ. ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯುಟೇನ್ ಸುಮಾರು ಎರಡು ಪಟ್ಟು ಭಾರ. ಅದು ನೀರಿನಂತೆ ಕೆಳಗಿಳಿದು ನೆಲದಲ್ಲಿ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ, ಬೆಳಕಿಂಡಿಯಿಂದ ಹೊರಹೋಗದು. ಆದ್ದರಿಂದ ಮೇಲೊಂದು ಕಿಟಕಿಯಲ್ಲದೆ ನೆಲಮಟ್ಟದಲ್ಲಿಯೂ ಹೊರಗೋಡೆಗೆ ಜಾಲರಿಯ ಕಂಡಿ ಬೇಕು. ಹೊಸ ಮನೆ ಕಟ್ಟಿಸುವ ಸದ್ಭಕ್ತರು ಗಾರೆಯವರಿಗೆ ಇದನ್ನು ಮೊದಲೇ ಹೇಳಬೇಕು.

ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ನೆಗಡಿ, ಪೀನಸವಿದ್ದವರಿಗೂ ಅನೇಕ ವೃದ್ಧರಿಗೂ ಘ್ರಾಣಶಕ್ತಿ ಮಂದ. ಅಂಥವರೊಬ್ಬರೇ ಇರುವ ಮನೆಯಲ್ಲಿ ರಾತ್ರಿ ರೆಗ್ಯುಲೇಟರನ್ನೇ ಮುಚ್ಚಿ ಮಲಗುವ ರೂಢಿ ಲೇಸು. ವಾಸನೆ ಬಂದಾಗ ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ತೆಗೆಯಲೂಬಾರದು. ಎಕ್ಸಾಸ್ಟ್ ಫ್ಯಾನಿಗೂ ಇದೇ ಮಾತು. ದೇವರ ಮುಂದಿನ ದೀಪವನ್ನು ಕೂಡಲೇ ಶಾಂತಗೊಳಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ರಬ್ಬರ್ ನಳಿಕೆಯನ್ನು ಐದು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಬಿರುಕು ಕಂಡರೆ ಅಂದೇ.