ಇಂದಿನ ಚಿಂತನೆ: ಮೊಗ್ಗು ಊದಿದ ಮೇಲೆ



ನನ್ನ ತಂಗಿ ಇರುವುದು ಅಮೆರಿಕದ ವರ್ಮಾಂಟ್‌ನಲ್ಲಿ. ಅವಳ ಮನೆಯ ಹಿಂದೆ ಹತ್ತು ಮೇಪಲ್ ಮರಗಳಿವೆ. ಮಾರ್ಚ್‌ನಲ್ಲಿ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲು ಹಿಮ ಕರಗುತ್ತದೆ. ಈ ಏರಿಳಿತ ಇರುವಷ್ಟು ದಿನ ಮಾತ್ರ ಮರಕ್ಕೆ ಕೊರೆದ ತೂತಿನಿಂದ ರಸ ತೊಟ್ಟಿಕ್ಕುತ್ತದೆ. ನೋಡಲು ನೀರೇ. ಸುಮಾರು 40 ಲೀಟರ್ ಕಾಯಿಸಿದರೆ 1 ಲೀಟರ್ ಪಾಕ. ಆಲೆಮನೆಯ ಕೊಪ್ಪರಿಗೆ ಮುಂದೆ ಕೂತವರಿಗೆ ಈ ಕಷ್ಟ ಗೊತ್ತು. ಕಬ್ಬಿನ ಹಾಲು ಇದಕ್ಕಿಂತ ಎಷ್ಟೋ ಸಿಹಿ ಬಿಡಿ.

ಅವಳು ಕಳಿಸುತ್ತಿದ್ದ ಪಾಕವನ್ನು ಅಮ್ಮ ಜೋನಿಬೆಲ್ಲದ ಹಾಗೆ ದೋಸೆಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ಹೋದ ವರ್ಷ ಅಮ್ಮ ತೀರಿಕೊಂಡಾಗ ತಂಗಿಗೆ ಬರಲಾಗಲಿಲ್ಲ.

ಈ ವರ್ಷ ಏಪ್ರಿಲ್ ಅರ್ಧ ಕಳೆದರೂ ಅವಳು ಒಲೆ ಆರಿಸಲಿಲ್ಲ. ಕೊಂಬೆಗಳ ತುದಿಯಲ್ಲಿ ಮೊಗ್ಗು ಊದಿದ್ದು ವಿಡಿಯೊ ಕರೆಯಲ್ಲಿ ನನಗೇ ಕಾಣುತ್ತಿತ್ತು. "ಇನ್ನೊಂದು ರಾತ್ರಿ ಚಳಿ ಬಿದ್ದರೆ ಇನ್ನೊಂದು ಬಾಟಲಿ ಆಗುತ್ತೆ ಅಕ್ಕಾ" ಅನ್ನುತ್ತಿದ್ದಳು. ಮೊಗ್ಗು ಊದಿದ ಮೇಲೆ ರಸದ ಗುಣವೇ ಬದಲಾಗುತ್ತದೆ, ಪಾಕಕ್ಕೆ ಕೆಟ್ಟ ವಾಸನೆ ಬರುತ್ತದೆ. ಅವಳ ಕೊನೆಯ ಬಾಟಲಿಯೂ ಹಾಗೇ ಆಯಿತು. ಚೆಲ್ಲಿಬಿಟ್ಟು ಫೋನ್ ಮಾಡಿ ಅತ್ತಳು. ಅಳು ಪಾಕಕ್ಕಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅಲಗದ್ದೂಪಮ ಸುತ್ತದಲ್ಲಿ, ಹೊಳೆ ದಾಟಿಸಿದ ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯಬೇಕೇ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕೂಟದಲ್ಲಿ ಅದನ್ನು ನಾನು ಸಲೀಸಾಗಿ ವಿವರಿಸಿದ್ದೇನೆ. ತಂಗಿಗೆ ಹೇಳಲು ಬಾಯಿ ಬರಲಿಲ್ಲ. "ಇನ್ನು ಮುಂದಿನ ಕೆಲಸ ಏನಿರುತ್ತೆ ಅಲ್ಲಿ?" ಎಂದಷ್ಟೇ ಕೇಳಿದೆ.

ಕೆಲಸ ಬೇಕಾದಷ್ಟಿತ್ತು. ಮರದಿಂದ ನಳಿಕೆಗಳನ್ನು ಕೀಳಬೇಕು. ತೂತನ್ನು ಏನನ್ನೂ ತುರುಕಿ ಮುಚ್ಚುವುದಿಲ್ಲ, ಮರವೇ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷ ಕೊರೆಯುವುದು ಬೇರೆ ಜಾಗದಲ್ಲಿ. ಬಕೆಟ್, ಕಡಾಯಿಗಳನ್ನು ಬಿಸಿನೀರಲ್ಲಿ ತೊಳೆದು ಒಣಗಿಸಬೇಕು. ಒಲೆಯ ಬೂದಿಯನ್ನು ಜರಡಿ ಹಿಡಿದು ತರಕಾರಿ ಮಡಿಗೆ ತೆಳ್ಳಗೆ ಚೆಲ್ಲಬಹುದು. ಆಲೂಗಡ್ಡೆ ಮಡಿಗೆ ಮಾತ್ರ ಬೇಡ, ಬೂದಿ ಹೆಚ್ಚಾದರೆ ಗಡ್ಡೆಯ ಮೇಲೆ ಕಜ್ಜಿ ಬರುತ್ತದೆ.

ಆಮೇಲೆ ಮಣ್ಣು. ಹಿಮ ಕರಗಿದ ನೆಲ ಕೆಸರಾಗಿರುತ್ತದೆ. ಒಂದು ಹಿಡಿ ಹಿಂಡಿ ಬೆರಳಿಂದ ಒತ್ತಿ ನೋಡಬೇಕು. ಉಂಡೆಯಾಗಿಯೇ ಉಳಿದರೆ ಕಾಯಬೇಕು, ಪುಡಿಯಾದರೆ ಬಿತ್ತಬಹುದು. ಮೂರು ದಿನ ಉಂಡೆಯೇ ಸಿಕ್ಕಿತಂತೆ. ನಾಲ್ಕನೇ ದಿನ ಬಟಾಣಿ ಬಿತ್ತಿದಳು. ಬಟಾಣಿಗೆ ಚಳಿಯ ಭಯವಿಲ್ಲ, ಮಣ್ಣಿನಲ್ಲಿ 5 ಡಿಗ್ರಿ ಇದ್ದರೂ ಮೊಳೆಯುತ್ತದೆ, ತಡವಾಗಿಯಾದರೂ. ಪಾಲಕ್, ಮೂಲಂಗಿಯೂ ಹಾಗೆಯೇ. ಟೊಮೆಟೊ ಸಸಿಗಳು ಮಾತ್ರ ಮೇ ಕೊನೆಯವರೆಗೆ ಕಿಟಕಿಯ ಒಳಗೇ.

ನಿನ್ನೆ ಫೋಟೊ ಕಳಿಸಿದ್ದಾಳೆ. ಸಾಲಿನಲ್ಲಿ ಏಳೆಂಟು ಬಟಾಣಿ ಮೊಳಕೆ, ನಡುವೆ ಒಂದಿಷ್ಟು ಖಾಲಿ ಜಾಗ. ಹಿಂದೆ ಬೇಲಿಯ ಮೇಲೆ ಬಕೆಟ್‌ಗಳು ಬೋರಲು ಬಿದ್ದಿವೆ. ಕೆಳಗೆ ಬರೆದಿದ್ದಳು: "ಅಕ್ಕಾ, ಖಾಲಿ ಜಾಗಕ್ಕೆ ಇವತ್ತು ಮತ್ತೆ ಬೀಜ ಹಾಕಿದೆ."