ಸೇವೆಗೆ ಹೊರಟವರ ಮನೆ

ಯೌವನಸ್ಥರೇ, ಇವತ್ತು ಸತ್ಯವೇದದಲ್ಲಿ ಎರಡು ಕಡೆ ಬೆರಳಿಟ್ಟುಕೊಳ್ಳಿ. ಮಾರ್ಕ 10ನೇ ಅಧ್ಯಾಯ, 28ರಿಂದ 30. ಇನ್ನೊಂದು 1 ಸಮುವೇಲ, ಮೊದಲ ಎರಡು ಅಧ್ಯಾಯಗಳು. ಮೊಬೈಲಲ್ಲಿ ಓದುವವರು ವಾಟ್ಸಾಪ್ ಮುಚ್ಚಿ ಓದಿ, ಸ್ತೋತ್ರ.

ಸ್ವಲ್ಪ ದಿನದ ಹಿಂದೆ ನಮ್ಮ ಸಭೆಯ ಒಬ್ಬ ಬ್ರದರ್ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಐಟಿ ಕೆಲಸ, ಇಬ್ಬರು ಚಿಕ್ಕ ಮಕ್ಕಳು. "ಪಾಸ್ಟರ್, ದೇವರು ನನ್ನನ್ನು ಹೊರದೇಶದ ಸೇವೆಗೆ ಕರೆದಿದ್ದಾರೆ. ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ" ಅಂದರು. ನನಗೆ ಸಂತೋಷವಾಯಿತು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ನೀವೇನಮ್ಮ ಹೇಳ್ತೀರಿ?" ಅಂತ ಕೇಳಿದೆ. ಅವರು ಟೀ ಲೋಟ ನೋಡುತ್ತಾ, "ಅವರಿಗೆ ಕರೆ ಬಂದಿದೆ ಅಂದಮೇಲೆ ನಾನೇನು ಹೇಳಲಿ ಅಣ್ಣ?" ಅಂದರು. ಅಷ್ಟೇ. ಆ ಮಾತು ಅವತ್ತಿಂದ ನನ್ನನ್ನು ಬಿಟ್ಟಿಲ್ಲ. ಇಲ್ಲಿ ಹೇಳೋಕೆ ಇಬ್ಬರ ಅನುಮತಿಯನ್ನೂ ಕೇಳಿಯೇ ಹೇಳ್ತಾ ಇದ್ದೇನೆ.

ಎಂ.ಜಿ. ರಸ್ತೆಯಲ್ಲಿ, ಮೇಯೋ ಹಾಲ್ ಕಡೆ, ಒಂದು ಪ್ರತಿಮೆ ಇದೆ. ಹಲಸೂರು, ಇಂದಿರಾನಗರದಿಂದ ಬರುವವರು ನೂರು ಸಲ ಅದರ ಮುಂದೆ ಹೋಗಿರುತ್ತೀರಿ. ಫರ್ಡಿನೆಂಡ್ ಕಿಟೆಲ್. ಆಸ್ಟಿನ್ ಟೌನಿಗೆ ಕಿಟೆಲ್ ನಗರ ಅಂತ ಹೆಸರಿಟ್ಟಿದ್ದೂ ಅವರ ನೆನಪಿಗೇ. ನಿಘಂಟು ಬರೆದವರು ಅಂತ ಎಲ್ಲರಿಗೂ ಗೊತ್ತು. ಆದರೆ ನಿಘಂಟು ಬರೆಯೋಕೆ ಅಂತ ಅವರು ಇಲ್ಲಿಗೆ ಬಂದವರಲ್ಲ. ಸುವಾರ್ತೆ ಸಾರೋಕೆ ಬಂದ ಮಿಷನರಿ. ಜರ್ಮನಿಯ ಉತ್ತರ ತೀರದಲ್ಲಿ 1832ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶಾಲೆಯಲ್ಲಿ ತರಬೇತಿ ಪಡೆದು, 1853ರಲ್ಲಿ ಈ ನಾಡಿಗೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ನಿಮ್ಮಲ್ಲಿ ಕೆಲವರು ಆ ವಯಸ್ಸಿನಲ್ಲಿ ಕ್ಯಾಂಪಸ್ ಇಂಟರ್‌ವ್ಯೂಗೆ ಓಡಾಡ್ತಾ ಇದ್ದೀರಿ. ಸುಮಾರು 70,000 ಪದಗಳ ಆ ನಿಘಂಟು ಮಂಗಳೂರಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಎರಡು ವರ್ಷದ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು.

ಇಷ್ಟು ಶಾಲೆಯಲ್ಲೂ ಹೇಳಿಕೊಡ್ತಾರೆ. ಶಾಲೆಯಲ್ಲಿ ಹೇಳದೇ ಇರೋದು ಇದು. 1860ರಲ್ಲಿ ಕಿಟೆಲ್ ಅವರು ಪೌಲೀನೆ ಐತ್ ಎಂಬ ಸಹೋದರಿಯನ್ನು ಮದುವೆಯಾದರು. ನಾಲ್ಕೇ ವರ್ಷ. 1864ರಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಪೌಲೀನೆಯ ಒಡಹುಟ್ಟಿದವಳೇ ಆದ ಯೂಲಿಯೆ ಅವರ ಎರಡನೆಯ ಹೆಂಡತಿಯಾದರು. ಯೋಚಿಸಿ ನೋಡಿ. ಅಕ್ಕತಂಗಿಯರಲ್ಲಿ ಒಬ್ಬಳನ್ನು ಬಲಿ ತೆಗೆದುಕೊಂಡ ದಾರಿಗೇ ಇನ್ನೊಬ್ಬಳು ಹೆಜ್ಜೆ ಇಟ್ಟಳು. ಆ ಇಬ್ಬರ ತಂದೆತಾಯಿಯ ಮನೆಯಲ್ಲಿ ಅವತ್ತು ಏನು ಮಾತು ನಡೆದಿತ್ತೋ! ಪ್ರತಿಮೆಯಲ್ಲಿ ಕಿಟೆಲ್ ಒಬ್ಬರೇ ಇದ್ದಾರೆ. ಸರ್ಕಾರ ನಿಲ್ಲಿಸುವ ಪ್ರತಿಮೆ ಹಾಗೇ ಇರುತ್ತೆ, ಅದರಲ್ಲಿ ತಪ್ಪಿಲ್ಲ. ಆದರೆ ಸಭೆಯಲ್ಲಿ ನಾವೂ ಸೇವಕರ ಸಾಕ್ಷಿಯನ್ನು ಪ್ರತಿಮೆ ಹಾಗೇ ಹೇಳ್ತೀವಲ್ಲ, ಅದು ಸರಿಯಾ?

ಆ ಕಾಲದಲ್ಲಿ ಬಾಸೆಲ್ ಮಿಷನ್ನಿನ ಕಟ್ಟಳೆ ಬಹಳ ಬಿಗಿ. ಹೊಸದಾಗಿ ಬಂದ ಮಿಷನರಿ ಸಾಮಾನ್ಯವಾಗಿ ಎರಡು ವರ್ಷ ಸೇವೆ ಮಾಡುವ ತನಕ ಮದುವೆ ಕೇಳುವ ಹಾಗಿಲ್ಲ. ಆಮೇಲೂ ಕಮಿಟಿಯ ಅನುಮತಿ ಬೇಕು. ಎಷ್ಟೋ ಸಲ ಹುಡುಗಿಯನ್ನು ಅಲ್ಲಿಯೇ ನೋಡಿ, ಒಪ್ಪಿಗೆ ಪಡೆದು, ಹಡಗು ಹತ್ತಿಸಿ ಕಳಿಸುತ್ತಿದ್ದರು. ಮುಖವನ್ನೇ ಸರಿಯಾಗಿ ನೋಡದ ಗಂಡಸನ್ನು ಮದುವೆಯಾಗಲು ಆಕೆ ಸಮುದ್ರ ದಾಟಿ ಬರಬೇಕು. ನಮ್ಮ ಅಜ್ಜಿಯಂದಿರಿಗೆ ಇದು ಹೊಸದಲ್ಲ ಬಿಡಿ, ಅವರೂ ಮಂಟಪದಲ್ಲೇ ಗಂಡನ ಮುಖ ನೋಡಿದವರು.

ಅದಕ್ಕಿಂತ ಕಷ್ಟವಾದದ್ದು ಮಕ್ಕಳ ವಿಷಯ. 1850ರ ದಶಕದಲ್ಲಿ ಮಿಷನ್ ಒಂದು ಪದ್ಧತಿ ಮಾಡಿತು. ಮಿಷನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ, ಅಂದರೆ ಸುಮಾರು ಆರು ವರ್ಷಕ್ಕೆ ಬಂದಾಗ, ಯುರೋಪಿಗೆ ಕಳಿಸಬೇಕು. ಬಾಸೆಲ್‌ನಲ್ಲಿ ಅವರಿಗೆಂದೇ ಮಕ್ಕಳ ಮನೆ ಇತ್ತು. ಇಲ್ಲಿಯ ಜ್ವರ, ಕಾಲರಾ, ಶಾಲೆ ಇಲ್ಲದಿರೋದು, ಎಲ್ಲವೂ ನಿಜವಾದ ಕಾರಣಗಳೇ. ಇಲ್ಲಿ ಹೂತುಹೋದ ಮಿಷನರಿ ಮಕ್ಕಳು ಎಷ್ಟೋ. ಆದರೂ ಆರು ವರ್ಷದ ಮಗು ಹಡಗು ಹತ್ತಿದರೆ ಮತ್ತೆ ಅಪ್ಪ ಅಮ್ಮನನ್ನು ನೋಡುವುದು ಎಷ್ಟೋ ವರ್ಷದ ಮೇಲೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಒಂದು ಕಾಗದ ಹೋಗಿ ಉತ್ತರ ಬರೋಕೆ ತಿಂಗಳುಗಟ್ಟಲೆ ಬೇಕು. ಮಗುವಿಗೆ ಜ್ವರ ಅನ್ನೋ ಸುದ್ದಿ ಅಮ್ಮನ ಕೈಗೆ ತಲುಪುವ ಹೊತ್ತಿಗೆ ಮಗು ವಾಸಿಯಾಗಿ ಆಡ್ತಾ ಇರಬೇಕು, ಇಲ್ಲಾ ಇರಬಾರದು.

ಒಬ್ಬ ಹುಡುಗಿಯ ಹೆಸರು ಹೇಳ್ತೀನಿ. ಮಾರಿ ಗುಂಡರ್ಟ್. ಈಕೆಯ ತಂದೆ ಹರ್ಮನ್ ಗುಂಡರ್ಟ್ ಅದೇ ಬಾಸೆಲ್ ಮಿಷನ್ನಿನವರು. ಕಿಟೆಲ್ ಕನ್ನಡಕ್ಕೆ ಮಾಡಿದ್ದನ್ನು ಮಲಯಾಳಕ್ಕೆ ಮಾಡಿದವರು, ನಮ್ಮ ಕೆನರಾ ಸೀಮೆಯ ಶಾಲೆಗಳ ಇನ್‌ಸ್ಪೆಕ್ಟರ್ ಕೂಡ ಆಗಿದ್ದರು. ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ನಾಲ್ಕೈದು ವರ್ಷದ ಮಗುವಾಗಿದ್ದಾಗ ಯುರೋಪಿನಲ್ಲಿ ಬಿಟ್ಟುಬಂದರು. ಮತ್ತೆ ತಂದೆತಾಯಿಯ ಹತ್ತಿರ ಇಲ್ಲಿಗೆ ಬಂದಾಗ ಹದಿನೈದು ವರ್ಷದ ಹುಡುಗಿ. ಹತ್ತು ವರ್ಷ! ಬಂದರಿನಲ್ಲಿ ಅಮ್ಮನನ್ನು ಗುರುತು ಹಿಡಿಯೋಕೆ ಆಯಿತೋ ಇಲ್ಲವೋ. ಮುಂದೆ ಆಕೆಯೂ ಮಿಷನರಿಯನ್ನೇ ಮದುವೆಯಾದಳು. ಅವರು ತೀರಿಕೊಂಡ ಮೇಲೆ, ಮಂಗಳೂರಿನಲ್ಲಿ ಸೇವೆ ಮಾಡಿ ಆರೋಗ್ಯ ಕೆಟ್ಟು ಹಿಂತಿರುಗಿದ್ದ ಯೊಹಾನೆಸ್ ಹೆಸ್ಸೆಯವರನ್ನು ಮದುವೆಯಾದಳು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ ಸಾಹಿತಿ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದವರು. ನಿಮ್ಮಲ್ಲಿ ಕೆಲವರು ಚರ್ಚ್ ಸ್ಟ್ರೀಟಿನಲ್ಲಿ ಆ ಪುಸ್ತಕ ಕೊಂಡಿರುತ್ತೀರಿ. ಆ ಹುಡುಗನನ್ನೂ ಚಿಕ್ಕವನಿರುವಾಗ ಬಾಸೆಲ್‌ನಲ್ಲಿ ಮಿಷನ್ನಿನ ಹುಡುಗರ ಮನೆಯಲ್ಲಿ ಇಟ್ಟಿದ್ದರು, ತಂದೆತಾಯಿ ಅದೇ ಊರಿನಲ್ಲಿದ್ದರೂ. ಆತ ದೊಡ್ಡವನಾಗಿ ಮನೆಯವರ ನಂಬಿಕೆಯ ದಾರಿ ಬಿಟ್ಟರು. ಇದಕ್ಕೆ ಅದೇ ಕಾರಣ ಅಂತ ನಾನು ಹೇಳಲ್ಲ. ಹೃದಯಗಳನ್ನು ಬಲ್ಲವನು ದೇವರೊಬ್ಬನೇ.

ಈಗ ಮಾರ್ಕ 10. ಪೇತ್ರ ಹೇಳುತ್ತಾನೆ, ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವು ಎಂದು. ಕರ್ತನು ಉತ್ತರವಾಗಿ ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ತಂದೆ, ಮಕ್ಕಳು, ಭೂಮಿ ಬಿಟ್ಟವರಿಗೆ ನೂರರಷ್ಟು ಎಂದು ವಾಗ್ದಾನ ಮಾಡುತ್ತಾನೆ, ಹಿಂಸೆಯನ್ನೂ ಸೇರಿಸಿಯೇ. ಈ ವಾಕ್ಯದ ಮೇಲೆ ನಾನೇ ಎಷ್ಟು ಸಲ ಜೋರಾಗಿ ಪ್ರಸಂಗ ಮಾಡಿದ್ದೇನೋ. ಆದರೆ ಅದೇ ಪೇತ್ರ ಮುಂದೆ ಏನು ಮಾಡಿದ? 1 ಕೊರಿಂಥ 9:5 ನೋಡಿ. ಪೇತ್ರನು, ಅಲ್ಲಿ ಕೇಫ ಅಂತಿದೆ, ಸೇವೆಗೆ ತಿರುಗಾಡುವಾಗ ಹೆಂಡತಿಯನ್ನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದ ಅಂತ ಪೌಲನೇ ಹೇಳುತ್ತಾನೆ. ಎಲ್ಲ ಬಿಟ್ಟೆ ಅಂದವನು ಹೆಂಡತಿಯ ಕೈ ಬಿಡಲಿಲ್ಲ. ಕಪೆರ್ನೌಮಿನಲ್ಲಿ ಕರ್ತನು ಆತನ ಮನೆಗೇ ಹೋಗಿ ಅತ್ತೆಯ ಜ್ವರ ಬಿಡಿಸಿದ್ದನಲ್ಲ, ಆ ಮನೆ ಕರ್ತನಿಗೆ ಅಡ್ಡಿಯಾಗಿ ಕಾಣಲಿಲ್ಲ.

"ಹನ್ನಳು ಸಮುವೇಲನನ್ನು ಬಿಟ್ಟುಕೊಡಲಿಲ್ಲವಾ ಪಾಸ್ಟರ್?" ಅಂತ ಕೇಳಬಹುದು. ಕೇಳಲೇಬೇಕು. ಮಕ್ಕಳನ್ನು ದೂರ ಕಳಿಸಿದವರೂ ಇದೇ ವಾಕ್ಯವನ್ನು ಹಿಡಿದುಕೊಂಡು ಅತ್ತಿರಬಹುದು. ನಿಧಾನವಾಗಿ ಓದಿ. ಹರಕೆ ಹೊತ್ತವಳು ಯಾರು? ಹನ್ನಳೇ. ಯಾವಾಗ ಕರೆದುಕೊಂಡು ಹೋಗಬೇಕು ಅಂತ ತೀರ್ಮಾನಿಸಿದವಳು ಯಾರು? ಮೊಲೆ ಬಿಡಿಸಿದ ಮೇಲೆ ಹೋಗೋಣ ಅಂತ ಅವಳೇ. ಎಲ್ಕಾನನು ಅವತ್ತು ಹೇಳಿದ್ದು, ನಿನಗೆ ಸರಿ ಕಂಡ ಹಾಗೆ ಮಾಡು ಅಂತ. 1:23. ಕಮಿಟಿ ಇಲ್ಲ, ಗಂಡನ ಒತ್ತಾಯ ಇಲ್ಲ. ಆಮೇಲೆ 2:19. ವರ್ಷ ವರ್ಷವೂ ಅವಳು ಒಂದು ಚಿಕ್ಕ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ಈ ವರ್ಷ ಎಷ್ಟು ಎತ್ತರ ಬೆಳೆದಿರಬಹುದು ಅಂತ ಮನೆಯಲ್ಲಿ ಕೂತು ಅಂದಾಜು ಮಾಡಿ ಹೊಲಿಯಬೇಕು. ಸಿಸ್ಟರ್ಸ್, ನಿಮಗೆ ಇದು ಬೇಗ ಅರ್ಥವಾಗುತ್ತೆ. ಅವಳು ವರ್ಷಕ್ಕೊಮ್ಮೆಯಾದರೂ ಶೀಲೋವಿಗೆ ಹೋಗಿ ಅಳತೆ ಸರಿಯಾಯಿತಾ ಅಂತ ನೋಡಬಹುದಿತ್ತು. ಮಾರಿಯ ಅಮ್ಮನಿಗೆ ಅದೂ ಇರಲಿಲ್ಲ.

ಹಾಗಂತ ಆ ಕಾಲದ ಮಿಷನರಿಗಳಿಗೆಲ್ಲ ಕಲ್ಲು ಹೊಡೆಯೋಕೆ ನಾನು ನಿಂತಿಲ್ಲ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಅವರನ್ನೇ ನೋಡಿ. ಬಹಳ ವರ್ಷ ಒಂಟಿಯಾಗಿ ಸೇವೆ ಮಾಡಿದವರು. ಜೊತೆ ಸೇವಕ ವೈಗ್ಲೆ 1855ರಲ್ಲಿ ತೀರಿಕೊಂಡಾಗ, ಅವರ ವಿಧವೆಯನ್ನು ಮದುವೆಯಾಗಿ ನಾಲ್ಕು ಮಕ್ಕಳಿಗೆ ತಂದೆಯಾದರು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಾಗ ಕೊಡಗಿನ ಕೆಲಸ ಬಿಟ್ಟು ಊರಿಗೆ ಹೊರಟರು. ಮೋಗ್ಲಿಂಗ್ ಸೇವೆಯಿಂದ ಹಿಂದೆ ಸರಿದರು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ನಮ್ಮ ಊರಿನದೇ ಇನ್ನೊಂದು ಮನೆ. ಅವೆನ್ಯೂ ರಸ್ತೆಯ ಗದ್ದಲದ ನಡುವೆ ರೈಸ್ ಮೆಮೋರಿಯಲ್ ಚರ್ಚ್ ಇದೆಯಲ್ಲ. ಆ ರೈಸ್ ಅಂದರೆ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್. 1837ರಲ್ಲಿ ಹೆಂಡತಿ ಜೇನ್ ಜೊತೆ ಬೆಂಗಳೂರಿಗೆ ಬಂದರು. ಅದೇ ವರ್ಷ ಜುಲೈನಲ್ಲಿ ಮಗ ಹುಟ್ಟಿದ. ಅಂದರೆ ಆ ಹಡಗಿನ ಪ್ರಯಾಣದಲ್ಲಿ ಜೇನ್ ಅಮ್ಮನ ಸ್ಥಿತಿ ಲೆಕ್ಕ ಹಾಕಿಕೊಳ್ಳಿ! ಆಕೆ ಮನೆಯೊಳಗೇ ಕೂರಲಿಲ್ಲ. 1840ರ ದಶಕದ ಆರಂಭದಲ್ಲಿ ಇನ್ನೊಬ್ಬ ಮಿಷನರಿಯ ಹೆಂಡತಿ ಸೀವೆಲ್ ಅವರ ಜೊತೆ ಸೇರಿ ಬೆಂಗಳೂರು ಪೇಟೆಯಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಹೆಣ್ಣು ಓದಬಾರದು ಅನ್ನುತ್ತಿದ್ದ ಕಾಲ ಅದು. ಕರೆ ಗಂಡನಿಗೆ, ಹೆಂಡತಿ ಲಗೇಜು ಅನ್ನುವ ಲೆಕ್ಕ ಆ ಮನೆಯಲ್ಲಿ ಇರಲಿಲ್ಲ. ಬೆಂಗಳೂರಲ್ಲಿ ಹುಟ್ಟಿದ ಆ ಮಗನೇ ಸಾವಿರಾರು ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್. ಇನ್ನೊಬ್ಬ ಮಗ ಇ.ಪಿ. ರೈಸ್ ತಾನೂ ಮಿಷನರಿಯಾಗಿ, ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ತಂದೆ ಐವತ್ತು ವರ್ಷ ಸೇವೆ ಮಾಡಿ 1887ರಲ್ಲಿ ನಿದ್ರೆಹೋದರು.

ಈಗ ನನ್ನ ವಿಷಯ. ಹೇಳಲೇಬೇಕು. ನಮ್ಮ ದೊಡ್ಡ ಮಗಳು ಎಂಟು ತಿಂಗಳಿದ್ದಾಗ ನಾನು ಉತ್ತರ ಕರ್ನಾಟಕದ ಕಡೆ ಮೂರು ವಾರ ಸುವಾರ್ತೆಗೆ ಹೋಗಿದ್ದೆ. ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ, ಮಗು, ಇಬ್ಬರೇ. ಮಗುವಿಗೆ ವಾಂತಿಭೇದಿ ಶುರುವಾಗಿದೆ. ಫೋನ್ ಮಾಡಿದಾಗ ನಾನು, "ಪ್ರಾರ್ಥನೆ ಮಾಡು, ನಾನೂ ಮಾಡ್ತೀನಿ" ಅಂದು ಕೂಟಕ್ಕೆ ಹೋದೆ. ಬಂದಮೇಲೆ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ, ನಾನು ದೇವರ ಕೆಲಸ ನೋಡಿದೆ, ದೇವರು ನನ್ನ ಮನೆ ನೋಡಿಕೊಂಡರು ಅಂತ. ಎಲ್ಲರೂ ಹಲ್ಲೆಲೂಯ ಅಂದರು. ಮನೆಗೆ ಬಂದು ನನ್ನ ಹೆಂಡತಿ ಚಪ್ಪಲಿ ಬಿಡುತ್ತಾ ಹೇಳಿದ್ದು ಇಷ್ಟೇ: "ರಾತ್ರಿ ಎರಡು ಗಂಟೆಗೆ ಆಟೋ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಪಕ್ಕದ ಮನೆ ಆಂಟಿ. ಬಿಲ್ ಕಟ್ಟಿದ್ದೂ ಅವರೇ. ದೇವರ ಹೆಸರಿನ ಜೊತೆ ಅವರದ್ದೂ ಹೇಳಬಹುದಿತ್ತು." ಆ ಆಂಟಿ ನಮ್ಮ ಸಭೆಯವರಲ್ಲ, ವಿಶ್ವಾಸಿಯೂ ಅಲ್ಲ. ನಾನು ಅವರಿಗೆ ಹಣ ಹಿಂತಿರುಗಿಸಿದ್ದು ಒಂದು ತಿಂಗಳಾದ ಮೇಲೆ. 1 ತಿಮೊಥೆ 5:8 ಅವತ್ತು ರಾತ್ರಿ ಓದಿದೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನ ಬಗ್ಗೆ ಪೌಲನು ಬಳಸಿದ ಮಾತು ನೀವೇ ಓದಿ, ನಾನು ಜೋರಾಗಿ ಓದಲಾರೆ.

ಆ ಬ್ರದರ್‌ಗೆ ನಾನು, ಹೋಗಬೇಡಿ ಅನ್ನಲಿಲ್ಲ. ಕಳಿಸುವವನು ದೇವರಾದರೆ ತಡೆಯೋಕೆ ನಾನು ಯಾರು? ಆದರೆ ರಾಜೀನಾಮೆ ಕಾಗದವನ್ನು ಮೂರು ತಿಂಗಳು ಬೀರುವಿನಲ್ಲಿ ಇಡಿ ಅಂದೆ. ಈ ಮೂರು ತಿಂಗಳು ಸಿಸ್ಟರ್ ಬೇರೆಯಾಗಿ ಪ್ರಾರ್ಥನೆ ಮಾಡಲಿ, ನೀವು ಅವರ ಪರವಾಗಿ ಉತ್ತರ ಹೇಳಬೇಡಿ. ಮಕ್ಕಳ ಶಾಲೆ ಯಾವುದು, ಆ ಊರಲ್ಲಿ ಡಾಕ್ಟರ್ ಎಷ್ಟು ದೂರ, ವರ್ಷಕ್ಕೆ ಎಷ್ಟು ದಿನ ನೀವು ಮನೆಯಲ್ಲಿ ಇರುತ್ತೀರಿ, ಕಳಿಸುವ ಸಂಸ್ಥೆಯವರಿಗೆ ಬರವಣಿಗೆಯಲ್ಲಿ ಕೇಳಿ. ಕೇಳುವುದು ಅವಿಶ್ವಾಸ ಅಂತ ಯಾರಾದರೂ ಅಂದರೆ ನನ್ನ ನಂಬರ್ ಕೊಡಿ. ಮೊನ್ನೆ ಬುಧವಾರ ಸಿಸ್ಟರ್ ನನ್ನ ಹೆಂಡತಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ್ದಾರೆ. ಏನು ಮಾತಾಡಿದರು ಅಂತ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಪ್ರಾರ್ಥನೆಗೆ ಎದ್ದು ನಿಲ್ಲೋಣ. ಸೇವೆಗೆ ಒಪ್ಪಿಸಿಕೊಡುವವರು ಮುಂದೆ ಬರಬಹುದು. ಮದುವೆಯಾದವರು ಒಬ್ಬರೇ ಬರಬೇಡಿ, ಜೋಡಿಯಾಗಿ ಬನ್ನಿ, ಇವತ್ತು ಸಿಸ್ಟರ್ಸ್ ಮೊದಲು ಪ್ರಾರ್ಥಿಸಲಿ. ಮಕ್ಕಳು ಮೇಲೆ ಸಂಡೇ ಸ್ಕೂಲ್ ರೂಮಿನಲ್ಲಿದ್ದಾರೆ, ಅವರನ್ನೂ ಕರೆದುಕೊಂಡು ಬನ್ನಿ. ಕಾಯುತ್ತೇವೆ.